ಪೆನ್ನಿಗೆ 8,000, ಸುಂಕಕ್ಕೆ 7,488: ವಿದೇಶಿ ಪಾರ್ಸೆಲ್‌ನ ಬಿಲ್ ಬೆಳೆದುಬಂದ ಬಗೆ

ಜಪಾನಿನ ಅಂಗಡಿಯಿಂದ 8,000 ರೂಪಾಯಿಯ ಫೌಂಟನ್ ಪೆನ್ ತರಿಸಿದ್ದೀರಿ ಅನ್ನಿ. ಕೊರಿಯರ್‌ಗೆ ಬೇರೆ 3,000 ರೂಪಾಯಿ ಕೊಟ್ಟಾಗಿದೆ. ಪಾರ್ಸೆಲ್ ಬೆಂಗಳೂರಿಗೆ ಬಂದಿಳಿದ ಮೇಲೆ ಮೊಬೈಲ್‌ಗೆ ಸಂದೇಶ: ಇಷ್ಟು ಸುಂಕ ಕಟ್ಟಿ, ಆಮೇಲೆ ಡೆಲಿವರಿ. ಸ್ವಂತ ಬಳಕೆಯ ವಸ್ತುಗಳ ಮೇಲೆ ಸುಂಕ 35 ಶೇಕಡಾ ಇದ್ದ ವರ್ಷಗಳಲ್ಲಿ ಈ 'ಇಷ್ಟು' ಎಷ್ಟಾಗುತ್ತಿತ್ತು ಗೊತ್ತೇ? 7,488 ರೂಪಾಯಿ. 8,000ಕ್ಕೆ 35 ಶೇಕಡಾ ಎಂದರೆ 2,800 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದವರಿಗೆ ಇದು ಮೋಸದಂತೆ ಕಾಣುವುದು ಸಹಜ. ಆದರೆ ಇದರಲ್ಲಿ ಒಂದೊಂದು ರೂಪಾಯಿಗೂ ಒಂದು ನಿಯಮವಿದೆ. ಆ ನಿಯಮಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಬಂದವು. ಬಂದು ಒಂದೇ ಬಿಲ್ಲಿನಲ್ಲಿ ಕೂತವು.

ಮೊದಲು ಲೆಕ್ಕವನ್ನೇ ಬಿಡಿಸಿ ನೋಡೋಣ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ; ಅದಕ್ಕೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಬೇಕು. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮ ಹೇಳುವುದು ಇದನ್ನೇ. ಆದರೆ ಅದೇ ನಿಯಮದಲ್ಲಿ ಕೊಳ್ಳುವವರ ಪರವಾದ ಒಂದು ಮಾತೂ ಇದೆ. ವಸ್ತು ವಿಮಾನದಲ್ಲಿ ಬಂದಿದ್ದರೆ ನೀವು ಸಾಗಣೆಗೆ ಎಷ್ಟೇ ಕೊಟ್ಟಿರಿ, ಬೆಲೆಯ 20 ಶೇಕಡಾಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾಗಿ 3,000 ಅಲ್ಲ, 1,600 ಮಾತ್ರ ಸೇರುತ್ತದೆ. ವಿಮೆಗೆ ಎಷ್ಟು ಕೊಟ್ಟಿರಿ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ 1.125 ಶೇಕಡಾ, ಅಂದರೆ 90 ರೂಪಾಯಿ. ಒಟ್ಟು 9,690. ಇದರ ಮೇಲೆ 35 ಶೇಕಡಾ ಮೂಲ ಸುಂಕ 3,391.50. ಆ ಸುಂಕದ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಸರ್ಚಾರ್ಜ್ 339.15. ಈ ಮೂರನ್ನೂ ಕೂಡಿದರೆ 13,420.65, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 28 ಶೇಕಡಾ ಬೀಳುವುದು ಈ ಮೊತ್ತದ ಮೇಲೆ, 3,757.78. ತೆರಿಗೆಯ ಮೇಲೆ ತೆರಿಗೆ ಎಂದು ಜನ ಗೊಣಗುವುದು ಇಲ್ಲಿಯೇ. ಗೊಣಗಾಟದಲ್ಲಿ ತಪ್ಪೇನಿಲ್ಲ: 35, 3.5, 28 ಎಂದು ಸುಮ್ಮನೆ ಕೂಡಿದರೆ 66.5 ಆಗಬೇಕು, ನಿಜವಾಗಿ ಆಗುವುದು 77.28.

ಇನ್ನು ಇದು ಬೆಳೆದ ದಾರಿ. 1962ರ ಕಸ್ಟಮ್ಸ್ ಕಾಯಿದೆ ಬರೆಯುವಾಗ ಕಣ್ಣಮುಂದಿದ್ದದ್ದು ಹಡಗಿನ ಸರಕು, ಪ್ರಯಾಣಿಕರ ಪೆಟ್ಟಿಗೆ, ಅಂಚೆಯ ಪೊಟ್ಟಣ. ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಚೀನಾದ ಶೆನ್‌ಝೆನ್‌ನಿಂದ ಚಾರ್ಜರ್ ತರಿಸುವ ಗ್ರಾಹಕ ಅದರಲ್ಲಿ ಇಲ್ಲ. 1975ರ ಸುಂಕ ಪಟ್ಟಿ ಕಾಯಿದೆಯ 98ನೇ ಅಧ್ಯಾಯದಲ್ಲಿ 9804 ಎಂಬ ಶೀರ್ಷಿಕೆ ಇದೆ: ಅಂಚೆ ಅಥವಾ ವಿಮಾನದ ಮೂಲಕ ಸ್ವಂತ ಬಳಕೆಗೆ ತರಿಸುವ ಎಲ್ಲ ಸುಂಕಾರ್ಹ ವಸ್ತುಗಳು. ಇದರ ಹಿಂದಿನ ಯೋಚನೆ ಸರಳ. ಒಂದು ಪೊಟ್ಟಣದಲ್ಲಿ ಪೆನ್ನು, ಕಾಲುಚೀಲ, ಆಟಿಕೆ ಮೂರೂ ಇದ್ದರೆ ಅಧಿಕಾರಿ ಮೂರಕ್ಕೂ ಬೇರೆ ಬೇರೆ ದರ ಹುಡುಕುತ್ತಾ ಕೂರಬಾರದು, ಎಲ್ಲಕ್ಕೂ ಒಂದೇ ದರ ಹಾಕಿ ಕಳಿಸಬೇಕು. ಅಧಿಕಾರಿಗೆ ಅನುಕೂಲವೇನೋ ಆಯಿತು. ಆದರೆ ಮಾಮೂಲಿ ಆಮದಿನಲ್ಲಿ ಕಡಿಮೆ ಸುಂಕ ಇರುವ ವಸ್ತುವೂ ಸ್ವಂತ ಬಳಕೆಯ ಹೆಸರಿನಲ್ಲಿ ಬಂದಾಗ ದುಬಾರಿ ದರಕ್ಕೆ ಸಿಕ್ಕಿಬೀಳುವಂತಾಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ 9804ಕ್ಕೆ 28 ಶೇಕಡಾ ಐಜಿಎಸ್‌ಟಿ ನಿಗದಿಯಾಯಿತು. ಮರುವರ್ಷದ ಬಜೆಟ್‌ನಲ್ಲಿ ಶಿಕ್ಷಣ ಸೆಸ್ ಹೋಗಿ ಸಮಾಜ ಕಲ್ಯಾಣ ಸರ್ಚಾರ್ಜ್ ಬಂತು. ಮೂಲ ಸುಂಕ 10 ಶೇಕಡಾ ಇದ್ದ ಆ ದಿನಗಳಲ್ಲಿ ಒಟ್ಟು 42.08 ಆಗುತ್ತಿತ್ತು. ಮೂಲ ಸುಂಕ 35ಕ್ಕೆ ಏರಿದಾಗ 77.28. ಒಂದೇ ಪೆನ್ನನ್ನು ಎರಡು ಸಲ ತರಿಸಿದವರಿಗೆ ಎರಡನೆಯ ಸಲ ಸುಂಕ ಹತ್ತಿರಹತ್ತಿರ ಇಮ್ಮಡಿಯಾಗಿದ್ದು ಹೀಗೆ.

ಹಳಬರು ಈಗಲೂ ಕೇಳುವ ಪ್ರಶ್ನೆ ಒಂದಿದೆ: 'ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲವಲ್ಲ?' ಒಂದು ಕಾಲಕ್ಕೆ ಇರಲಿಲ್ಲ. 1993ರ ಒಂದು ಅಧಿಸೂಚನೆ ನಿಗದಿತ ಮೌಲ್ಯದೊಳಗಿನ ಪ್ರಾಮಾಣಿಕ ಉಡುಗೊರೆಗಳಿಗೆ ವಿನಾಯಿತಿ ಕೊಟ್ಟಿತ್ತು. 2019ರ ಹೊತ್ತಿಗೆ ಆ ಮಿತಿ 5,000 ರೂಪಾಯಿ. ವಿದೇಶದಲ್ಲಿರುವ ಮಗಳು ಅಮ್ಮನಿಗೆ ಶಾಲು ಕಳಿಸಲಿ ಎಂದು ಇಟ್ಟ ಸೌಲಭ್ಯ ಅದು. ಚೀನಾದ ಆನ್‌ಲೈನ್ ವ್ಯಾಪಾರಿಗಳು ಅದೇ ಬಾಗಿಲಿನಲ್ಲಿ ರಾಶಿ ರಾಶಿ ಮಾಲು ನುಗ್ಗಿಸಿದರು, ಪ್ರತಿ ಪೊಟ್ಟಣದ ಮೇಲೂ 'ಗಿಫ್ಟ್' ಎಂಬ ಚೀಟಿ. 2019ರ ಡಿಸೆಂಬರ್ 12ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಬಾಗಿಲನ್ನೇ ಮುಚ್ಚಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಉಡುಗೊರೆ ಎಂದು ಸುಂಕವಿಲ್ಲದೆ ಬಿಡಿಸಿಕೊಳ್ಳುವುದು ನಿಷಿದ್ಧ. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ರಿಯಾಯಿತಿ. ರಾಖಿಯ ಜೊತೆ ಇಟ್ಟ ಉಡುಗೊರೆಗೂ ಇಲ್ಲ. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆ ತರಿಸಲು ಅಡ್ಡಿಯಿಲ್ಲ. ದುರುಪಯೋಗ ಮಾಡಿದವರು ವ್ಯಾಪಾರಿಗಳು, ಸೌಲಭ್ಯ ಕಳೆದುಕೊಂಡದ್ದು ಆ ಅಮ್ಮ. ಪೊಟ್ಟಣಗಳನ್ನು ಬೇರೆ ಮಾಡಿ ನೋಡುವ ದಾರಿ ಹುಡುಕಬೇಕಿತ್ತು.

ಹಾಗಾದರೆ ಇಷ್ಟರೊಳಗಿನ ಬೆಲೆಗೆ ಸುಂಕವೇ ಇಲ್ಲ ಎಂಬ ಮಿತಿ ಭಾರತದಲ್ಲಿ ಇಲ್ಲವೇ? ಅಮೆರಿಕದಲ್ಲಿ 2016ರಿಂದ 800 ಡಾಲರ್‌ವರೆಗೆ ಇತ್ತು, 2025ರ ಆಗಸ್ಟ್ 29ರಂದು ಅದೂ ನಿಂತಿತು. ಯುರೋಪಿಯನ್ ಒಕ್ಕೂಟ 22 ಯೂರೋ ಒಳಗಿನ ವಸ್ತುಗಳಿಗೆ ಕೊಟ್ಟಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ಕ್ಕೆ ತೆಗೆಯಿತು. ನಮ್ಮಲ್ಲಿ ಇರುವುದು ಕಸ್ಟಮ್ಸ್ ಕಾಯಿದೆಯ 25ನೇ ಸೆಕ್ಷನ್‌ನ 6ನೇ ಉಪಕಲಮು: ಕಟ್ಟಬೇಕಾದ ಸುಂಕವೇ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಸೂಲಿ ಮಾಡುವುದಿಲ್ಲ. ವಸ್ತುವಿನ ಬೆಲೆಯಲ್ಲ, ಸುಂಕದ ಮೊತ್ತ 100.

ಇತ್ತೀಚೆಗೆ ಹೊರೆ ಇಳಿಯುತ್ತಿದೆ ಎಂಬುದು ಸಮಾಧಾನದ ಸಂಗತಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಸ್ತುಗಳ ಐಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಮೂಲ ಸುಂಕವೂ 35ರಿಂದ 20ಕ್ಕೆ ಬಂದಿತ್ತು. 2026-27ರ ಬಜೆಟ್ ಅದನ್ನು 10ಕ್ಕೆ ಇಳಿಸುವುದಾಗಿ ಹೇಳಿತು. ಅದೇ 9,690 ರೂಪಾಯಿಗೆ 10 ಮತ್ತು 18ರ ದರದಲ್ಲಿ, ಸರ್ಚಾರ್ಜ್ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 2,888 ರೂಪಾಯಿ.

ಸರ್ಕಾರದ ಪಾಲು ಇಳಿದಷ್ಟೂ ಕಣ್ಣಿಗೆ ಕುಕ್ಕುವುದು ಕೊರಿಯರ್‌ನವರ ಪಾಲು. 2010ರ ಕೊರಿಯರ್ ನಿಯಮಗಳ ಪ್ರಕಾರ ಅಧಿಕೃತ ಕೊರಿಯರ್ ಕಂಪನಿಯೇ ನಿಮ್ಮ ಪರವಾಗಿ ಆನ್‌ಲೈನ್‌ನಲ್ಲಿ ಬಿಲ್ ಆಫ್ ಎಂಟ್ರಿ (ಆಮದಿನ ವಿವರದ ಘೋಷಣಾ ಪತ್ರ) ಸಲ್ಲಿಸುತ್ತದೆ. ಒಂದು ಲಕ್ಷ ರೂಪಾಯಿವರೆಗಿನ ಸುಂಕಾರ್ಹ ವಸ್ತುಗಳಿಗೆ ಸಿಬಿಇ-13 ಎಂಬ ನಮೂನೆ. ವಿಮಾನ ನಿಲ್ದಾಣದಿಂದ ಮಾಲು ಹೊರಗೆ ಬರಬೇಕಾದರೆ ಸುಂಕ ಕಟ್ಟಿರಬೇಕು. ನೀವು ಹಣ ಹಾಕುವ ತನಕ ಕಾಯದೆ ಕಂಪನಿ ತಾನೇ ಕಟ್ಟಿ ಬಿಡಿಸಿದರೆ, ಆ ಸಾಲಕ್ಕೆ 'ಡಿಸ್ಬರ್ಸ್‌ಮೆಂಟ್' ಅಥವಾ 'ಅಡ್ವಾನ್ಸ್ ಪೇಮೆಂಟ್' ಶುಲ್ಕ ಹಾಕುತ್ತದೆ. ಸಾಮಾನ್ಯವಾಗಿ ಇದು ಸುಂಕದ ಇಂತಿಷ್ಟು ಶೇಕಡಾ ಅಥವಾ ಒಂದು ಕನಿಷ್ಠ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ಸಣ್ಣ ಪಾರ್ಸೆಲ್‌ಗೆ ಏಟು ಬೀಳುವುದು ಈ ಕನಿಷ್ಠ ಮೊತ್ತದಿಂದಲೇ: 300 ರೂಪಾಯಿ ಸುಂಕಕ್ಕೆ ಅದಕ್ಕಿಂತ ದೊಡ್ಡ ಶುಲ್ಕ ಬಂದರೂ ಬರಬಹುದು. ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ. ದಾಖಲೆ ತಡವಾಗಿ ಮಾಲು ಗೋದಾಮಿನಲ್ಲಿ ಉಳಿದರೆ ಡೆಮರೇಜ್, ಅಂದರೆ ಉಳಿದ ದಿನಗಳ ಬಾಡಿಗೆ. ಅಂಚೆಯಲ್ಲಿ ಬಂದರೆ ಈ ತಾಪತ್ರಯ ಕಡಿಮೆ. ಫಾರಿನ್ ಪೋಸ್ಟ್ ಆಫೀಸ್‌ನಲ್ಲಿ ಅಧಿಕಾರಿ ಸುಂಕ ಗೊತ್ತುಮಾಡುತ್ತಾರೆ, ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ವಸೂಲಿ ಮಾಡುತ್ತಾರೆ. ಆದರೆ ದಿನಗಳು ಹೆಚ್ಚು ಬೇಕು.

ಈ ಶುಲ್ಕದ ಪಟ್ಟಿಯನ್ನು ಕೊಳ್ಳುವ ಹೊತ್ತಿಗೇ ತೋರಿಸದಿರುವುದು ಅನ್ಯಾಯ. ಸಾಗಣೆ ಶುಲ್ಕ ಹೇಳುವ ಅಂಗಡಿಗೆ ಸುಂಕದ ಅಂದಾಜು ಹೇಳುವುದು ಕಷ್ಟವೇನಲ್ಲ. ಪಾವತಿ ಪುಟದಲ್ಲಿ ಡಿಡಿಪಿ ಎಂದಿದ್ದರೆ ಸುಂಕ ಮಾರುವವರದು. ಡಿಡಿಯು ಅಥವಾ ಡಿಎಪಿ ಎಂದಿದ್ದರೆ, ಇಲ್ಲವೇ ಏನೂ ಬರೆದಿಲ್ಲದಿದ್ದರೆ, ಸುಂಕ ನಿಮ್ಮದು.

ಪಾರ್ಸೆಲ್ ಸಿಕ್ಕಿಕೊಳ್ಳಲು ಸುಂಕವಷ್ಟೇ ಕಾರಣವಲ್ಲ. ಒಂದು ಕೆವೈಸಿ, ಅಂದರೆ ತರಿಸಿದವರ ಗುರುತಿನ ದಾಖಲೆಯ ಪರಿಶೀಲನೆ. ವಿಳಾಸದಲ್ಲಿ 'ಮಂಜು' ಎಂದಿದ್ದು ಆಧಾರ್‌ನಲ್ಲಿ 'ಮಂಜುನಾಥ ಎಸ್' ಎಂದಿದ್ದರೆ ಕಡತ ನಿಲ್ಲುತ್ತದೆ. ಇನಿಷಿಯಲ್ ಹಿಂದೆ ಮುಂದೆ ಆದರೂ ಅಷ್ಟೇ. ಆರ್ಡರ್ ಮಾಡುವಾಗಲೇ ಆಧಾರ್‌ನಲ್ಲಿರುವಂತೆ ಹೆಸರು ಕೊಡಿ. ಎರಡನೆಯದು ಇನ್‌ವಾಯ್ಸ್. ಮಾರುವವರು ಉಪಕಾರ ಮಾಡುತ್ತೇವೆಂದು '10 ಡಾಲರ್' ಎಂದು ಬರೆದರೆ, ಅಧಿಕಾರಿ ಅದೇ ವಸ್ತುವಿನ ಬೆಲೆಯನ್ನು ಆನ್‌ಲೈನ್‌ನಲ್ಲಿ ನೋಡಿ ಘೋಷಿತ ಮೌಲ್ಯವನ್ನು ತಳ್ಳಿಹಾಕಬಹುದು. ಸುಳ್ಳು ಮೌಲ್ಯಕ್ಕೆ ಮಾಲು ಮುಟ್ಟುಗೋಲು ಮತ್ತು ದಂಡ ಎರಡಕ್ಕೂ ಕಾಯಿದೆಯಲ್ಲಿ ಅವಕಾಶವಿದೆ. ನಿಜವಾದ ಇನ್‌ವಾಯ್ಸ್ ಮತ್ತು ಕಾರ್ಡ್‌ನಿಂದ ಹಣ ಹೋದ ದಾಖಲೆಯನ್ನು ಕೈಯಲ್ಲಿಟ್ಟುಕೊಳ್ಳಿ.

ಬಿಲ್ ಬಂದ ಕೂಡಲೇ ಕಟ್ಟಬೇಡಿ. ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ. ಅದರಲ್ಲಿ ನೋಡಬೇಕಾದದ್ದು ನಾಲ್ಕು: ಮೌಲ್ಯ ಇನ್‌ವಾಯ್ಸ್‌ಗೆ ಹೊಂದುತ್ತದೆಯೇ, ಸಾಗಣೆ 20 ಶೇಕಡಾ ದಾಟಿದೆಯೇ, ವಿನಿಮಯ ದರ ಕಸ್ಟಮ್ಸ್ ಪ್ರಕಟಿಸಿದ್ದೇ (ನಿಮ್ಮ ಬ್ಯಾಂಕಿನದಲ್ಲ), ಮತ್ತು ಶೀರ್ಷಿಕೆ ಸಂಖ್ಯೆ ಯಾವುದು. ಪುಸ್ತಕಪ್ರಿಯರು ಈ ಕೊನೆಯದನ್ನು ಬಿಡಲೇಬಾರದು. 4901ರಲ್ಲಿ ಬರುವ ಮುದ್ರಿತ ಪುಸ್ತಕಕ್ಕೆ ಐಜಿಎಸ್‌ಟಿ ಇಲ್ಲ; 2019ರ ಜುಲೈ ಬಜೆಟ್ ಹಾಕಿದ ಮೂಲ ಸುಂಕವೂ 5 ಶೇಕಡಾ ಮಾತ್ರ. ಪೊಟ್ಟಣದ ಮೇಲೆ 'ಸ್ಟೇಷನರಿ' ಎಂದು ಬರೆದು ಕಳಿಸಿದರೆ ಈ ಲಾಭವೆಲ್ಲ ಹೋಯಿತು. ಹೆಚ್ಚು ಕಟ್ಟಿದ್ದರೆ 27ನೇ ಸೆಕ್ಷನ್ ಅಡಿ ಮರುಪಾವತಿ ಕೇಳಲು ಒಂದು ವರ್ಷ ಸಮಯವಿದೆ.

ಸುಂಕದ ಹೆಸರಿನ ಕರೆಗಳ ಬಗ್ಗೆಯೂ ಹುಷಾರು. ಕಸ್ಟಮ್ಸ್ ಅಧಿಕಾರಿ ಫೋನ್ ಮಾಡಿ ಖಾಸಗಿ ಖಾತೆಗೆ ಹಣ ಹಾಕಿ ಎನ್ನುವುದಿಲ್ಲ. 2019ರ ನವೆಂಬರ್ 8ರಿಂದ ಇಲಾಖೆಯ ಪತ್ರಗಳಿಗೆ ಡಿನ್ ಎಂಬ ಗುರುತು ಸಂಖ್ಯೆ ಬಂದಿದೆ. ಅದು ಅಸಲಿಯೇ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ನಿಜವಾದ ಪಾರ್ಸೆಲ್ ಆಗಿದ್ದರೆ ಕೊರಿಯರ್‌ನ ಟ್ರ್ಯಾಕಿಂಗ್ ಪುಟದಲ್ಲೇ ಸುಂಕದ ವಿವರ ಸಿಗುತ್ತದೆ, ಬಂದ ಲಿಂಕ್ ಒತ್ತಬೇಕಿಲ್ಲ.

ಪೆನ್ನಿನ ನಿಬ್ ಸೊಟ್ಟಗಿದ್ದು ವಾಪಸ್ ಕಳಿಸುವುದಾದರೆ? ಅಂಗಡಿ ಬೆಲೆ ಹಿಂದಿರುಗಿಸಿದ ಮಾತ್ರಕ್ಕೆ ಸುಂಕ ತಾನಾಗಿ ಬರುವುದಿಲ್ಲ, 26ಎ ಸೆಕ್ಷನ್ ಅಡಿ ಕೇಳಬೇಕು. ವಸ್ತುವನ್ನು ಬಳಸಿರಬಾರದು, ರಿಪೇರಿ ಮಾಡಿಸಿರಬಾರದು, ಬಂದದ್ದು ಅದೇ ವಸ್ತು ಎಂದು ಅಧಿಕಾರಿಗೆ ತೋರಿಸಬೇಕು. ಹಾಗಾಗಿ ಇಂಕ್ ತುಂಬುವ ಮೊದಲೇ ನಿಬ್ಬನ್ನು ದೀಪದ ಬೆಳಕಿನಲ್ಲಿ ನೋಡಿ, ಪೆಟ್ಟಿಗೆ ಬಿಚ್ಚುವಾಗ ಫೋಟೋ ತೆಗೆದಿಡಿ. ಕಸ್ಟಮ್ಸ್ ಬಿಡುಗಡೆಯ ಆದೇಶದ ದಿನದಿಂದ 30 ದಿನದೊಳಗೆ ಮಾಲು ದೇಶದಿಂದ ಹೊರಗೆ ಹೋಗಿರಬೇಕು; ತಕ್ಕ ಕಾರಣ ಕೊಟ್ಟರೆ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಎಣಿಕೆ ಶುರುವಾಗುವುದು ಪಾರ್ಸೆಲ್ ನಿಮ್ಮ ಮನೆಗೆ ಬಂದ ದಿನದಿಂದಲ್ಲ.