ಅಪ್ಪನಿಂದ ಅಮ್ಮನಿಗೆ, ಅಲ್ಲಿಂದ ಅರ್ಜಿಗೆ: ವಿದೇಶದಲ್ಲಿ ಹುಟ್ಟಿದ ಮಗುವಿನ ಪೌರತ್ವದ ಕತೆ

ಎಳೆ ಕೂಸಿನ ಪಾಸ್‌ಪೋರ್ಟ್ ಫೋಟೊ ತೆಗೆಯುವುದು ಎಂಥ ಕೆಲಸ ಅಂತ ತೆಗೆದವರಿಗೇ ಗೊತ್ತು. ನನ್ನ ಚಿಕ್ಕಮ್ಮನ ಮಗಳು ಮಸ್ಕತ್‌ನಲ್ಲಿ ಹೆತ್ತಾಗ ಇದನ್ನು ವಿಡಿಯೊ ಕಾಲ್‌ನಲ್ಲಿ ನೋಡಿದೆ. ಮಂಚದ ಮೇಲೆ ಬಿಳಿ ಬೆಡ್‌ಶೀಟ್, ಅದರ ಮೇಲೆ ಮಗು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಕೈ ಕಾಣಬಾರದು. ಮಗು ಕಣ್ಣು ಬಿಟ್ಟಾಗೆಲ್ಲ ಬಾಯಿಯನ್ನೂ ಬಿಡುತ್ತಿತ್ತು. ನಲವತ್ತೋ ಐವತ್ತೋ ಫೋಟೊ ಆದ ಮೇಲೆ ಒಂದು ಸರಿ ಬಂತು.

ಆಮೇಲೆ ನೋಡಿದರೆ ಫೋಟೊನೇ ಸುಲಭ ಅನ್ನಿಸಿತು. ಆಸ್ಪತ್ರೆಯ ಕಾಗದದಲ್ಲಿ ಅಪ್ಪನ ಹೆಸರಿನ ಜೊತೆ ಎರಡು ಇನಿಷಿಯಲ್ ಮಾತ್ರ ಇತ್ತು. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಊರಿನ ಹೆಸರು, ಅಜ್ಜನ ಹೆಸರು ಎಲ್ಲ ಆಗಿತ್ತು. ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರು ಹುಡುಕಬೇಕು. ಪಾಸ್‌ಪೋರ್ಟಿನವರಿಗೆ ಇನಿಷಿಯಲ್ ಆಗುವುದಿಲ್ಲ. ಎರಡು ಕಾಗದದಲ್ಲಿರುವುದೂ ಒಬ್ಬನೇ ಮನುಷ್ಯ ಅಂತ ಅಫಿಡವಿಟ್ ಮಾಡಿಸುವ ಹೊತ್ತಿಗೆ ಅವಳಿಗೆ ರೇಗಿಹೋಗಿತ್ತು. "ಅಪ್ಪ ಅಮ್ಮ ಇಬ್ಬರೂ ಇಂಡಿಯನ್ಸ್. ಮಗು ಇನ್ನೇನಾಗತ್ತೆ ಮತ್ತೆ?" ಅಂದಳು.

2004ರ ಡಿಸೆಂಬರ್‌ಗೆ ಮುಂಚೆ ಹೆತ್ತಿದ್ದರೆ ಅವಳ ಮಾತು ಸರಿ ಇತ್ತು. ಈಗಿನ ಕಾನೂನಿನಲ್ಲಿ ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೂ, ವಿದೇಶದಲ್ಲಿ ಹುಟ್ಟಿದ ಮಗು ತಾನಾಗಿಯೇ ಭಾರತೀಯ ಆಗುವುದಿಲ್ಲ. ಯಾರೋ ಹೋಗಿ ನೋಂದಣಿ ಮಾಡಿಸಬೇಕು. ಒಮಾನ್ ತನ್ನ ನೆಲದಲ್ಲಿ ಹುಟ್ಟಿತು ಅಂತ ಪೌರತ್ವ ಕೊಡುವ ದೇಶವೂ ಅಲ್ಲ. ಹಾಗಾಗಿ ಆ ಅರ್ಜಿ ಹೋಗಲಿಲ್ಲ ಅಂದರೆ ಮಗು ಯಾವ ದೇಶದ್ದೂ ಅಲ್ಲದೆ ಉಳಿಯಬಹುದು. ಇಲ್ಲಿಗೆ ನಾವು ಹೇಗೆ ಬಂದೆವು ಅನ್ನುವುದು ಸ್ವಲ್ಪ ವಿಚಿತ್ರವಾದ ಕತೆ.

ಸಂವಿಧಾನ ಬರೆಯುವಾಗಲೇ ಪೌರತ್ವದ ವಿಷಯ ತಲೆನೋವಾಗಿತ್ತು. 1949ರ ಆಗಸ್ಟ್‌ನಲ್ಲಿ ಇದನ್ನು ಸಂವಿಧಾನ ಸಭೆಯ ಮುಂದಿಟ್ಟಾಗ ಅಂಬೇಡ್ಕರ್ ಅವರೇ, ಇನ್ನೊಂದು ವಿಧಿ ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟಿದ್ದು ಬೇರೆ ಇಲ್ಲ ಎಂಬ ಅರ್ಥದಲ್ಲಿ ಹೇಳಿದ್ದರು. ದೇಶ ಒಡೆದಿತ್ತು, ಲಕ್ಷಾಂತರ ಜನ ಗಡಿಯ ಆ ಕಡೆ ಈ ಕಡೆ ಆಗಿದ್ದರು. ಅದರ ನಡುವೆಯೂ ಹೊರದೇಶದಲ್ಲಿದ್ದ ಭಾರತೀಯರಿಗಾಗಿ 8ನೇ ವಿಧಿ ಇಟ್ಟರು. ತಂದೆ ತಾಯಿ, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೆ ಸಾಕು, ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಭಾರತದ ಪ್ರಜೆ ಆಗಬಹುದಿತ್ತು.

ಇಲ್ಲಿ ಒಂದು ಗಮನಿಸಿ. 'ತಂದೆ ತಾಯಿಯರಲ್ಲಿ ಯಾರಾದರೂ ಒಬ್ಬರು' ಅಂತಲೇ ಇದೆ. 5ನೇ ವಿಧಿಯಲ್ಲೂ ಹಾಗೇ ಇದೆ. ಸಂವಿಧಾನ ತಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಐದೇ ವರ್ಷದಲ್ಲಿ ತಾಯಿ ಲೆಕ್ಕದಿಂದ ಹೊರಗೆ ಹೋದಳು. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ವಂಶದಿಂದ ಬರುವ ಪೌರತ್ವದ್ದು. 1950ರ ಜನವರಿ 26ರಿಂದ ಈಚೆಗೆ ವಿದೇಶದಲ್ಲಿ ಹುಟ್ಟಿದವರು, ಹುಟ್ಟುವಾಗ ತಂದೆ ಭಾರತದ ಪ್ರಜೆ ಆಗಿದ್ದರೆ ತಾವೂ ಪ್ರಜೆ. ತಾಯಿಯ ಮಾತೇ ಇಲ್ಲ. ಮಂಗಳೂರಿನ ಹುಡುಗಿ ಸಿಂಗಪುರದವನನ್ನು ಮದುವೆಯಾಗಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಹೆತ್ತರೆ, ಮಗು ಅವಳ ದೇಶದ್ದಲ್ಲ.

ಇದು ಎಲ್ಲಿಂದ ಬಂತು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬ್ರಿಟನ್ನಿನ 1948ರ ರಾಷ್ಟ್ರೀಯತೆ ಕಾಯ್ದೆ ಪಕ್ಕಕ್ಕೆ ಇಟ್ಟುಕೊಂಡು ಓದಿದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲೂ ತಂದೆ ಮಾತ್ರ. ಅಲ್ಲೂ ಎರಡನೇ ತಲೆಮಾರಿಗೆ ಕಾನ್ಸುಲೇಟ್‌ನಲ್ಲಿ ಒಂದು ವರ್ಷದೊಳಗೆ ನೋಂದಣಿ. ಅಲ್ಲೂ ತಂದೆ ಸರ್ಕಾರಿ ಸೇವೆಯಲ್ಲಿದ್ದರೆ ವಿನಾಯಿತಿ. ನಮ್ಮ ಕಾಯ್ದೆಯಲ್ಲೂ ಈ ಮೂರೂ ಇದ್ದವು. ಹೊಸ ದೇಶ, ಹಳೇ ಅಚ್ಚು.

ಅಂದರೆ 1955ರಲ್ಲೂ ನೋಂದಣಿ ಇತ್ತು, ಆದರೆ ಎಲ್ಲರಿಗೂ ಅಲ್ಲ. ತಂದೆಯೂ ವಿದೇಶದಲ್ಲೇ ಹುಟ್ಟಿ ವಂಶದಿಂದ ಪ್ರಜೆಯಾದವನಾಗಿದ್ದರೆ ಮಾತ್ರ ಮಗುವಿನ ಹೆಸರನ್ನು ಕಾನ್ಸುಲೇಟ್‌ನಲ್ಲಿ ಬರೆಸಬೇಕಿತ್ತು. ಊರಲ್ಲಿ ಹುಟ್ಟಿ ಹೊರದೇಶಕ್ಕೆ ಹೋದವನ ಮಗುವಿಗೆ ಆ ತಾಪತ್ರಯ ಇರಲಿಲ್ಲ. ಅದು ಹುಟ್ಟಿದ ಗಳಿಗೆಯಿಂದಲೇ ಭಾರತೀಯ. ಕಾಗದ ಆಮೇಲೆ ಮಾಡಿಸಿದರೂ ಅದು ಇದ್ದ ಪೌರತ್ವಕ್ಕೆ ಸಾಕ್ಷಿ ಅಷ್ಟೇ.

ತಾಯಿಯ ಹಕ್ಕಿಗೆ ತಡ ಮಾಡಿದ್ದು ನಾವೊಬ್ಬರೇ ಅಲ್ಲ. ಅಮೆರಿಕದಲ್ಲಿ ವಿದೇಶದಲ್ಲಿ ಹೆತ್ತ ತಾಯಿ ತನ್ನ ಪೌರತ್ವವನ್ನು ಮಗುವಿಗೆ ಕೊಡುವ ಹಾಗೆ ಆಗಿದ್ದು 1934ರಲ್ಲಿ. ಬ್ರಿಟನ್‌ನಲ್ಲಿ 1983ರಲ್ಲಿ. ಅಲ್ಲಿ ಮದುವೆಯಾಗದ ತಂದೆ 2006ರವರೆಗೂ ಕಾಯಬೇಕಾಯಿತು. ಇವತ್ತಿಗೂ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಈ ವಿಷಯದಲ್ಲಿ ತಾಯಿಗೆ ತಂದೆಯಷ್ಟು ಹಕ್ಕಿಲ್ಲ. ನಮ್ಮಲ್ಲಿ 1992ರ ತಿದ್ದುಪಡಿ ಬಂದು, ಅದೇ ವರ್ಷ ಡಿಸೆಂಬರ್ 10ರಿಂದ 'ತಂದೆ' ಇದ್ದ ಕಡೆ 'ತಂದೆ ತಾಯಿಯರಲ್ಲಿ ಒಬ್ಬರು' ಎಂದಾಯಿತು. ಮಾರನೇ ದಿನವೇ, ಡಿಸೆಂಬರ್ 11ರಂದು, ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಸೇರಿತು. ಹುಟ್ಟಿದ ಕೂಡಲೇ ನೋಂದಣಿ, ಒಂದು ಹೆಸರು, ಒಂದು ರಾಷ್ಟ್ರೀಯತೆ ಮಗುವಿನ ಹಕ್ಕು ಅನ್ನುತ್ತದೆ ಅದರ 7ನೇ ವಿಧಿ.

ಆದರೆ ತಿದ್ದುಪಡಿ ಹಿಂದಕ್ಕೆ ಹೋಗಲಿಲ್ಲ. ಆ ದಿನಕ್ಕಿಂತ ಮೊದಲು ಹುಟ್ಟಿದವರಿಗೆ ಹಳೇ ನಿಯಮವೇ. ಅದೇ ಮಂಗಳೂರಿನ ಹುಡುಗಿಯನ್ನು ನೆನಪಿಸಿಕೊಳ್ಳಿ. ಅವಳು ಕೊನೆಯವರೆಗೂ ಭಾರತದ ಪ್ರಜೆ, ಗಂಡ ಕೊನೆಯವರೆಗೂ ಸಿಂಗಪುರದವನು, ಮೂರು ಹೆರಿಗೆಯೂ ಅಲ್ಲೇ. 1990ರಲ್ಲಿ ಹುಟ್ಟಿದ ದೊಡ್ಡವನು ವಂಶದಿಂದ ಭಾರತೀಯ ಅಲ್ಲ. 1995ರಲ್ಲಿ ಹುಟ್ಟಿದ ಎರಡನೆಯವಳು ಹುಟ್ಟಿನಿಂದಲೇ ಭಾರತೀಯಳು. 2006ರಲ್ಲಿ ಹುಟ್ಟಿದ ಮೂರನೆಯವನು, ಯಾರಾದರೂ ನೋಂದಣಿ ಮಾಡಿಸಿದ್ದರೆ ಮಾತ್ರ. ಒಂದೇ ತಾಯಿ, ಒಂದೇ ಆಸ್ಪತ್ರೆ, ಮೂರು ಉತ್ತರ. ಪೌರತ್ವ ರಕ್ತದಲ್ಲಿ ಬರುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ. ನಿಜವಾಗಿ ನೋಡಬೇಕಿರುವುದು ಹುಟ್ಟಿದ ತಾರೀಕು.

ಮೂರನೆಯವನ ಕತೆ ಶುರುವಾಗುವುದು 2003ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದಿದ್ದು 2004ರ ಡಿಸೆಂಬರ್ 3ಕ್ಕೆ. ಆ ತಿದ್ದುಪಡಿಯಲ್ಲಿ ದೊಡ್ಡ ವಿಷಯಗಳು ಬೇರೆ ಇದ್ದವು. ಸಾಗರೋತ್ತರ ಭಾರತೀಯರು ಅನ್ನುವ ಹೊಸ ವರ್ಗ, ಅಂದರೆ ಈಗಿನ ಒಸಿಐ ಕಾರ್ಡಿನ ಮೂಲ, ಅಲ್ಲಿ ಹುಟ್ಟಿತು. ಅಕ್ರಮ ವಲಸಿಗರ ಮಕ್ಕಳು ಭಾರತದಲ್ಲೇ ಹುಟ್ಟಿದರೂ ಪ್ರಜೆಗಳಲ್ಲ ಎಂಬ ನಿಯಮ ಬಂತು. ಈ ಗದ್ದಲದಲ್ಲಿ 4ನೇ ಸೆಕ್ಷನ್‌ಗೆ ಸೇರಿದ ಎರಡು ಸಾಲನ್ನು ಜಾಸ್ತಿ ಜನ ಗಮನಿಸಲೇ ಇಲ್ಲ ಅಂತ ನನಗನ್ನಿಸುತ್ತದೆ. ಆದರೆ ಮಸ್ಕತ್ತು, ದುಬೈಗಳಲ್ಲಿ ಹೆರುವವರ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

ಆ ಸಾಲು ಹೇಳುವುದು ಇಷ್ಟು: ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಪಡೆದು ಮಾಡಿಸಬೇಕು. ಎರಡೂ ಆಗದಿದ್ದರೆ ಮಗು ಭಾರತದ ಪ್ರಜೆ ಅಲ್ಲ. ಜೊತೆಗೆ, ಈ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ತಂದೆ ತಾಯಿ ಬರೆದುಕೊಡಬೇಕು. ಮೊದಲು ಸಾಕ್ಷಿಯಾಗಿದ್ದ ಕಾಗದವೇ ಈಗ ಪೌರತ್ವದ ಬಾಗಿಲಾಯಿತು.

ಅಮೆರಿಕದಲ್ಲಿರುವವರಿಗೆ ತೊಡಕು ಬರುವುದು ಆ ಬರೆದುಕೊಡುವ ಮಾತಿನಲ್ಲಿ. ಅಲ್ಲಿ 1868ರ 14ನೇ ತಿದ್ದುಪಡಿಯ ಬಲದಿಂದ ಮಗು ಹುಟ್ಟುತ್ತಲೇ ಅಮೆರಿಕನ್. ಎಷ್ಟೋ ಮನೆಯಲ್ಲಿ ಮೊದಲು ಮಾಡಿಸುವುದೇ ಅಲ್ಲಿನ ಪಾಸ್‌ಪೋರ್ಟು. ಅದು ಕೈಗೆ ಬಂದ ಮೇಲೆ ಬೇರೆ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡುವ ಹಾಗಿಲ್ಲ. ಆಗ ಉಳಿಯುವುದು ಒಸಿಐ ಕಾರ್ಡ್. ಅದಕ್ಕೆ ಸಾಗರೋತ್ತರ ಪೌರತ್ವ ಅಂತ ಹೆಸರಿದ್ದರೂ ಮತ ಹಾಕುವ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅದು ಜೀವನಪರ್ಯಂತದ ವೀಸಾ ಅಂದುಕೊಂಡರೆ ಗೊಂದಲ ಕಮ್ಮಿ.

ಇನ್ನೊಂದು ಗೊಂದಲವೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ವಿದೇಶದಲ್ಲಿ ಹೆತ್ತವರು ಇಲ್ಲೇ ನೆಲೆಸಲು ವಾಪಸ್ ಬಂದರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿ ಜನನ ನೋಂದಾಯಿಸಬಹುದು. ಇಷ್ಟಾದರೆ ಪೌರತ್ವವೂ ಬಂತು ಅಂತ ನಂಬಿ ಕೂತವರಿದ್ದಾರೆ. ಇದು ಹುಟ್ಟಿದ್ದಕ್ಕೆ ದಾಖಲೆ, ಅಷ್ಟೇ. 4ನೇ ಸೆಕ್ಷನ್ ಕೇಳುವುದು ಕಾನ್ಸುಲೇಟ್‌ನ ನೋಂದಣಿಯನ್ನು.

ಮಗು ಹುಟ್ಟುವ ಗಳಿಗೆಯಲ್ಲಿ ತಂದೆ ತಾಯಿ ಯಾವ ದೇಶದವರಾಗಿದ್ದರು ಅನ್ನುವುದು ಎಷ್ಟು ಮುಖ್ಯ ಅನ್ನುವುದಕ್ಕೆ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನೋಡಬೇಕು. ಭಾರತೀಯ ದಂಪತಿ 1998ರ ಡಿಸೆಂಬರ್‌ನಲ್ಲಿ ಸಿಂಗಪುರದ ಪೌರತ್ವ ಪಡೆದರು. ಆಗ ಮಗು ತಾಯಿಯ ಹೊಟ್ಟೆಯಲ್ಲಿತ್ತು. ಹುಟ್ಟಿದ್ದು ಕೆಲವೇ ತಿಂಗಳ ನಂತರ, 1999ರಲ್ಲಿ. ಬೆಳೆದು ದೊಡ್ಡವನಾದ ಮೇಲೆ ಅವನು ಭಾರತದ ಪೌರತ್ವ ವಾಪಸ್ ಕೊಡಿ ಅಂತ ಕೇಳಿದ. ಮದ್ರಾಸ್ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಜ್ಜ ಅಜ್ಜಿಯರ ಹುಟ್ಟಿನ ಆಧಾರದ ಮೇಲೆ 8ನೇ ವಿಧಿಯನ್ನೂ ಮುಂದಿಟ್ಟು ವಾದ ಮಾಡಿದ್ದರು. ಸಂವಿಧಾನ ಬಂದ ಎಷ್ಟೋ ವರ್ಷದ ನಂತರ ಹೊರಗೆ ಹುಟ್ಟಿದವರಿಗೆ ಆ ವಿಧಿ ಅನ್ವಯಿಸಿದರೆ ಅಸಂಗತ ಪರಿಣಾಮ ಆಗುತ್ತದೆ ಎಂದಿತು ನ್ಯಾಯಾಲಯ. ಬೇರೆ ಸೆಕ್ಷನ್ ಅಡಿಯಲ್ಲಿ, ಭಾರತದಲ್ಲಿ ವಾಸ ಮಾಡಿ ಅರ್ಜಿ ಹಾಕುವ ದಾರಿ ಮಾತ್ರ ಉಳಿಯಿತು. ಕಾನೂನಿನ ಲೆಕ್ಕ ಸರಿಯೇ ಇದೆ. ಆದರೂ ಹೆರಿಗೆಗೆ ಎರಡು ಮೂರು ತಿಂಗಳಿರುವಾಗ ಬಿದ್ದ ಒಂದು ಸಹಿ ಇಪ್ಪತ್ತೈದು ವರ್ಷ ಬೆನ್ನು ಹತ್ತಿತಲ್ಲ ಅನ್ನಿಸದೇ ಇರುವುದಿಲ್ಲ.

2004ರಲ್ಲಿ ಸೇರಿದ ಎರಡನೇ ಸಾಲು ಈಗೀಗ ಕೆಲಸಕ್ಕೆ ಬರುತ್ತಿದೆ. ವಂಶದಿಂದ ಭಾರತೀಯನಾದ ಮಗುವಿಗೆ ಬೇರೆ ದೇಶದ ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಆ ದೇಶದ್ದನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಆ ಡಿಸೆಂಬರ್‌ನಲ್ಲಿ ಹುಟ್ಟಿ, ಅಪ್ಪ ಅಮ್ಮ ಓಡಾಡಿ ಕಾನ್ಸುಲೇಟ್‌ನಲ್ಲಿ ಹೆಸರು ಬರೆಸಿದ ಮಕ್ಕಳಿಗೆ 2022ರ ಡಿಸೆಂಬರ್‌ನಲ್ಲಿ 18 ಆಯಿತು. ಕೂಸಾಗಿದ್ದಾಗ ಅವರ ಪರವಾಗಿ ಬೇರೆಯವರು ಸಹಿ ಹಾಕಿದ್ದರು. ಈ ಸಲ ಆರು ತಿಂಗಳೊಳಗೆ ಅವರೇ ಹಾಕಬೇಕು. ಮಸ್ಕತ್ತಿನ ನಮ್ಮ ಕೂಸಿಗೆ ಆ ಚಿಂತೆ ಇಲ್ಲ, ಅದರ ಹತ್ತಿರ ಇರುವುದು ಒಂದೇ ಪಾಸ್‌ಪೋರ್ಟು. ಫೋಟೊದಲ್ಲಿ ಬಾಯಿ ಮುಚ್ಚಿದೆ, ಕಣ್ಣು ಮಾತ್ರ ಒಂದು ಚೂರು ಓರೆ.