ವೇಳಾಪಟ್ಟಿಯಲ್ಲಿ ವಿಷಯ ಬೇಡ, ಕೆಲಸ ಬರೆಯಿರಿ

ಹತ್ತನೇ ತರಗತಿ ಮಕ್ಕಳ ಓದುವ ಮೇಜಿನೆದುರಿನ ಗೋಡೆ ನೋಡಿ. ‘5ರಿಂದ 6 ಗಣಿತ, 6ರಿಂದ 7 ವಿಜ್ಞಾನ’ ಎಂದು ಬಣ್ಣದ ಪೆನ್ನಿನಲ್ಲಿ ಬರೆದ ಟೈಂ ಟೇಬಲ್ ಇರುತ್ತದೆ. ಒಂದು ವಾರವೂ ನಡೆದಿರುವುದಿಲ್ಲ. ಮಕ್ಕಳು ಸೋಮಾರಿಗಳೆಂದು ಮನೆಯವರು ಬೈಯುತ್ತಾರೆ, ಆದರೆ ತಪ್ಪು ಹೆಚ್ಚಾಗಿ ಪಟ್ಟಿಯದ್ದೇ. ‘ವಿಜ್ಞಾನ’ ಎನ್ನುವುದು ಒಂದು ಕೆಲಸವಲ್ಲ. ಏನು ಮಾಡಿದರೆ ಮುಗಿಯಿತು ಎಂಬುದು ಗೊತ್ತಿಲ್ಲದಾಗ ವಿದ್ಯಾರ್ಥಿ ಸುಲಭವಾದದ್ದನ್ನೇ ಹಿಡಿಯುತ್ತಾನೆ: ಗೊತ್ತಿರುವ ಪಾಠವನ್ನು ಇನ್ನೊಮ್ಮೆ ಓದಿ, ಸಾಲಿನ ಕೆಳಗೆ ಗೆರೆ ಎಳೆದು ಏಳುತ್ತಾನೆ.

ಮೊದಲು ಕೈಯಲ್ಲಿ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿ. ಶಾಲೆಯಿಂದ 5.15ಕ್ಕೆ ಮನೆ, ಕಾಫಿ-ತಿಂಡಿ, 6ರಿಂದ 7.30 ಟ್ಯೂಷನ್, ಊಟ, 10ಕ್ಕೆ ನಿದ್ದೆ ಎಂದಿಟ್ಟುಕೊಂಡರೆ ಉಳಿಯುವುದು ಸುಮಾರು ಎರಡು ಗಂಟೆ. ಅದರಲ್ಲಿ ಹೋಂವರ್ಕ್‌ಗೇ ಒಂದು ಗಂಟೆ ಹೋಗುತ್ತದೆ. ಸ್ವಂತ ಓದಿಗೆ ಸಿಗುವುದು ರಾತ್ರಿ ಒಂದು ಗಂಟೆ, ಬೆಳಿಗ್ಗೆ ಮುಕ್ಕಾಲು ಗಂಟೆ. ಇಷ್ಟಿರುವಾಗ ಗೋಡೆಯ ಮೇಲೆ ಐದು ಗಂಟೆ ಬರೆದರೆ ಅದು ನಡೆಯುವುದಾದರೂ ಹೇಗೆ?

ಆ ಒಂದು ಗಂಟೆಗೆ ಎರಡೇ ಕೆಲಸ ಬರೆಯಿರಿ. ‘ಓಮ್‌ನ ನಿಯಮದ ಮೇಲೆ 5 ಲೆಕ್ಕ.’ ‘ಥೇಲ್ಸ್ ಪ್ರಮೇಯ: ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ, ಪುಸ್ತಕ ನೋಡದೆ ಒಮ್ಮೆ.’ ಪ್ರತಿಯೊಂದರ ಪಕ್ಕದಲ್ಲಿ ಎಷ್ಟು ನಿಮಿಷ ಬೇಕಾದೀತು ಎಂಬ ಅಂದಾಜು, ಮುಗಿದ ಮೇಲೆ ನಿಜಕ್ಕೂ ಎಷ್ಟು ಹಿಡಿಯಿತು ಎಂಬುದು. ಮೊದಲ ವಾರ ಅಂದಾಜು ಕೆಡುವುದು ಸಹಜ. 20 ನಿಮಿಷವೆಂದು ಬರೆದ ಪ್ರಮೇಯ 35 ತೆಗೆದುಕೊಳ್ಳಬಹುದು. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾದ ಹೊತ್ತನ್ನು ಕಡಿಮೆಯೇ ಅಂದಾಜಿಸುತ್ತಾರೆ ಎಂದು ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಹೇಳಿದ್ದಾರೆ. ಎರಡನೇ ವಾರದ ಪಟ್ಟಿಯನ್ನು ಈ ನಿಜವಾದ ನಿಮಿಷಗಳ ಮೇಲೆ ಕಟ್ಟಿ.

‘ಪುಸ್ತಕ ನೋಡದೆ’ ಎಂದದ್ದಕ್ಕೆ ಕಾರಣವಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ನೋಡಿದರೆ, ಓದಿದ್ದನ್ನು ನೆನಪಿನಿಂದ ಬರೆದವರು ಮುಂದಿದ್ದರು. ಓದುತ್ತಿರುವಾಗ ಎಲ್ಲವೂ ಬಂದಂತೆ ಕಾಣುವುದು, ಪರೀಕ್ಷಾ ಕೊಠಡಿಯಲ್ಲಿ ಕೈ ನಿಂತುಹೋಗುವುದು ಎರಡೂ ಇದರಿಂದಲೇ. ಹಾಗಾಗಿ ಇಂದು ಬರೆದ ಪ್ರಮೇಯ ನಾಳೆ ಒಮ್ಮೆ, ನಾಲ್ಕನೇ ದಿನ ಒಮ್ಮೆ, ಎರಡು ವಾರಕ್ಕೊಮ್ಮೆ ಪಟ್ಟಿಗೆ ಮತ್ತೆ ಬರಬೇಕು. ಮರುಬರವಣಿಗೆಗೆ ಹತ್ತೇ ನಿಮಿಷ ಸಾಕು. ತಪ್ಪಿದ ಹಂತವನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಗುರುತಿಸಿಕೊಳ್ಳಿ.

ಯಾವುದಕ್ಕೆ ಎಷ್ಟು ಹೊತ್ತು ಎಂಬಲ್ಲೂ ಎಡವುವುದುಂಟು. ಗಣಿತದ ಭಯಕ್ಕೆ ಸಂಜೆಗಳೆಲ್ಲ ಗಣಿತಕ್ಕೇ ಹೋಗುತ್ತವೆ, ‘ಮಾತಾಡುವ ಭಾಷೆ ತಾನೆ’ ಎಂದು ಕನ್ನಡ ಕೊನೆಗೆ ಉಳಿಯುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಯದ್ದು, ಉಳಿದ ಐದು ವಿಷಯಗಳಿಗೆ ತಲಾ 100. ಛಂದಸ್ಸಿನ ಪ್ರಸ್ತಾರ, ಅಲಂಕಾರ, ಪತ್ರಲೇಖನ ಇವು ವಾರಕ್ಕೆ ಎರಡು ಸಲ ತಲಾ 15 ನಿಮಿಷ ಕೈಯಾಡಿಸಿದರೆ ಹಿಡಿತಕ್ಕೆ ಬರುವಂಥವು. ಮಾರ್ಚ್‌ಗೆ ಮುಂದೂಡಿದರೆ ಲಘು-ಗುರುಗಳೇ ಕಲಸಿಹೋಗುತ್ತವೆ.

ಚೀಲದ ವಿಷಯ ಚಿಕ್ಕದು. ಹೋಂವರ್ಕ್ ಬರೆಯಲು ಒಂದೇ ಪುಟ್ಟ ಡೈರಿ, ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಒಂದೇ ಫೈಲು, ಮೇಲೆ ದಿನಾಂಕ. ಟ್ಯೂಷನ್ನಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಪ್ರಶ್ನೆಗಳನ್ನು ಡೈರಿಗೆ ಇಳಿಸಿಕೊಂಡು, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ‘ಪ್ರಶ್ನೆ ನೋಡ್ತಿದ್ದೆ ಅಷ್ಟೇ’ ಎಂಬ ನೆಪಕ್ಕೆ ಆಗ ಜಾಗವಿರುವುದಿಲ್ಲ.

ಭಾನುವಾರದ ಅರ್ಧ ದಿನ ಪಟ್ಟಿಯಲ್ಲಿ ಖಾಲಿ ಇರಲಿ. ಮದುವೆ, ಜಾತ್ರೆ, ಜ್ವರ, ಕರೆಂಟು ಹೋದ ರಾತ್ರಿ ಯಾವುದೂ ಹೇಳಿ ಬರುವುದಿಲ್ಲ. ತಪ್ಪಿಹೋದ ಕೆಲಸಗಳನ್ನು ಮರುದಿನದ ಮೇಲೆ ಹೇರಿದರೆ ಆ ದಿನವೂ ಕೆಡುತ್ತದೆ, ಪಟ್ಟಿ ಕಸದ ಬುಟ್ಟಿ ಸೇರುತ್ತದೆ. ತಪ್ಪಿದ್ದು ಆರಿದ್ದರೆ, ಸೋಮವಾರದ ಪಾಠ ಅರ್ಥವಾಗಲು ಬೇಕೇಬೇಕಾದ ಎರಡನ್ನು ಆರಿಸಿ ಭಾನುವಾರ ಮುಗಿಸಿ. ಉಳಿದ ನಾಲ್ಕಕ್ಕೆ ಮುಂದಿನ ವಾರದಲ್ಲಿ ದಿನಕ್ಕೊಂದರಂತೆ ಜಾಗ ಮಾಡಿ, ಅದೂ ಹಿಡಿಸದಿದ್ದರೆ ಹೊಡೆದುಹಾಕಿ.