ಗದ್ದೆ ತುಂಬಿಸಿದರೆ ನೀರು ಎಲ್ಲಿಗೆ ಹೋಗಬೇಕು?

ಕೊಡಗಿನಲ್ಲಿ ಗುಡ್ಡದ ಮೇಲೆ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಾಗ), ಕಾಫಿ ತೋಟ, ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ, ಅದರಾಚೆ ತೋಡು, ಅಂದರೆ ಸಣ್ಣ ಹಳ್ಳ. ಮೇಲೆ ಸುರಿದ ಮಳೆಯೆಲ್ಲ ಇಳಿದು ಬರುವುದು ಈ ತಗ್ಗಿಗೇ. ಮನೆ ಕಟ್ಟಹೊರಟವರ ಕಣ್ಣಿಗೆ ಮಾತ್ರ ಇದು ರಸ್ತೆ ಬದಿಯ ಸಮತಟ್ಟಾದ ನಿವೇಶನ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಬದುಗಳ ನಡುವೆ 10 ಸೆಂಟಿಮೀಟರ್ ನೀರು ನಿಂತರೆ ಅದು ನಾಲ್ಕು ಲಕ್ಷ ಲೀಟರ್! ವರ್ಷ ವರ್ಷವೂ ಉತ್ತು ಕೆಸರು ತುಳಿದ ಗದ್ದೆಯ ಅಡಿಯಲ್ಲಿ ಗಟ್ಟಿ ಪದರವೊಂದು ಕೂತಿರುತ್ತದೆ. ಅದು ನೀರನ್ನು ಒಮ್ಮೆಲೇ ಇಳಿಯಗೊಡದು. ಬದುವಿನ ಅಡಿಯಿಂದ, ಏಡಿ ಕೊರೆದ ಬಿಲಗಳಿಂದ ಒಸರುತ್ತಾ ಒಸರುತ್ತಾ ನೀರು ಕೆಳಗಿನ ಗದ್ದೆಗೆ, ಬಾವಿಗೆ, ತೋಡಿಗೆ ಸೇರುತ್ತದೆ. ಟಿಪ್ಪರ್ ಮಣ್ಣು ಸುರಿದು ಕಾಂಕ್ರೀಟ್ ಹಾಕಿದ ದಿನವೇ ಈ ಏರ್ಪಾಡು ಮುಗಿಯಿತು. ನಿಲ್ಲಬೇಕಾದ ನೀರು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ.

ಗದ್ದೆ ತುಂಬಿಸುವ ಕೆಂಪು ಮಣ್ಣು ಎಷ್ಟೋ ಸಲ ಹತ್ತಿರದ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಅಂಚನ್ನು, ಜೆಸಿಬಿಯಲ್ಲಿ ಕಡಿದು ತಂದದ್ದು. ಇಳಿಜಾರಿನ ಬುಡವೇ ಮೇಲಿನ ಭಾರಕ್ಕೆ ಆಸರೆ. ಬುಡ ಕಡಿದ ಗುಡ್ಡದೊಳಗೆ ಮಳೆನೀರು ತುಂಬಿ ಮಣ್ಣಿನ ಹಿಡಿತ ಸಡಿಲವಾದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟ್ ತಿಂಗಳ ಭೂಕುಸಿತಗಳ ನಂತರ ಮಕ್ಕಂದೂರು, ಜೋಡುಪಾಲದ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಕಡಿದ ಇಳಿಜಾರುಗಳನ್ನು ಮರೆತು ಮಳೆಯೊಂದನ್ನೇ ದೂರುವುದು ಸರಿಯಲ್ಲ.

ಹಾಗೆಂದು ಗದ್ದೆ ಮಾರುವವರನ್ನು ನಾನು ದೂಷಿಸಲಾರೆ. ನಾಟಿಗೆ ಆಳಿಲ್ಲ, ಕೂಲಿಗೆ ಭತ್ತದ ಬೆಲೆ ಸಾಲದು, ಬೆಳೆದದ್ದನ್ನು ಆನೆ ತುಳಿಯುತ್ತದೆ. ಹಡ್ಲು ಬಿದ್ದ, ಅಂದರೆ ಬೇಸಾಯವಿಲ್ಲದೆ ಪಾಳುಬಿದ್ದ ಗದ್ದೆಗೆ ಒಳ್ಳೆಯ ಬೆಲೆ ಬಂದರೆ ಬೇಡವೆನ್ನುವುದು ಹೇಗೆ? ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೊಳ್ಳುವವರೂ ಹೆಚ್ಚಿನ ಕಡೆಗಳಿಂದ ಬರಬಹುದು. ಊರಿನ ಮಕ್ಕಳಿಗೂ ಮನೆ ಬೇಕು.

ಮನೆ ಎಲ್ಲಿ ಎಂಬುದೇ ಪ್ರಶ್ನೆ. ಹಳೆಯ ಐನ್‌ಮನೆಗಳು (ಕೊಡವ ಕುಟುಂಬಗಳ ಮೂಲ ಮನೆಗಳು) ಗದ್ದೆಯನ್ನು ನೋಡುತ್ತಾ, ಗದ್ದೆಗಿಂತ ತುಸು ಎತ್ತರದ ದಿಣ್ಣೆಯ ಮೇಲೆ ನಿಂತಿವೆ. ಕಟ್ಟಿದವರಿಗೆ ನೀರಿನ ದಾರಿ ಗೊತ್ತಿತ್ತು. 1964ರ ಭೂ ಕಂದಾಯ ಕಾಯ್ದೆಯಡಿ ಕೃಷಿ ಭೂಮಿಯನ್ನು ಮನೆ ನಿವೇಶನವಾಗಿಸುವ ಪರಿವರ್ತನೆಯ ಅರ್ಜಿ ಹೋಗುವುದು ಸರ್ವೆ ನಂಬರಿನ ಲೆಕ್ಕದಲ್ಲಿ. ನೀರಿಗೆ ಸರ್ವೆ ನಂಬರಿಲ್ಲ. ಒಂದು ತೋಡಿಗೆ ನೀರು ಹರಿಸುವ ಇಡೀ ಪ್ರದೇಶವನ್ನು ಒಂದೇ ನಕ್ಷೆಯಲ್ಲಿಟ್ಟು, ನೀರು ನಿಲ್ಲುವ ಗದ್ದೆ ಮತ್ತು ಕಡಿದಾದ ಬರೆಗಳನ್ನು ಮೊದಲು ಬದಿಗಿಟ್ಟು, ಉಳಿದ ಸಾಧಾರಣ ಇಳಿಜಾರಿನಲ್ಲಿ ಮನೆಗಳಿಗೆ ಜಾಗ ಗುರುತಿಸಬೇಕು. ಗದ್ದೆ ಉಳಿಸಿಕೊಂಡವರಿಗೆ, ಅವರು ಹಿಡಿದಿಟ್ಟ ನೀರಿನ ಲೆಕ್ಕದಲ್ಲಿ, ಎಕರೆಗೆ ಇಷ್ಟೆಂದು ಸರ್ಕಾರ ಪ್ರತಿವರ್ಷ ಹಣ ಕೊಡಬೇಕು.